ದುಂಡವ್ವನ ಕಾವಲು

ಸೀಗೆಕಟ್ಟೆಯ ಬೆನ್ನಿಗಿರುವ ಗುಡ್ಡಕ್ಕೆ ದುಂಡವ್ವನ ಕಾವಲು ಎಂದು ಹೆಸರು. ಅಲ್ಲಿ ಬೇಲಿಯಿಲ್ಲ, ಕಾವಲುಗಾರನೂ ಇಲ್ಲ. ಇರುವುದು ದಟ್ಟ ಕಾಡು, ಮರಮರಕ್ಕೂ ಸುತ್ತಿಕೊಂಡ ಈಶ್ವರಿ ಬಳ್ಳಿ, ಅದರ ಮೇಲೆ ತೇಲಾಡುವ ಗೇಣಗಲದ ಕಪ್ಪು ಹೊಂಬಣ್ಣದ ಚಿಟ್ಟೆಗಳು. ಈ ಚಿಟ್ಟೆಯನ್ನು ಊರವರು ಗುಡ್ಡದಮ್ಮನ ಸೆರಗು ಎನ್ನುತ್ತಾರೆ. ಹಿಂದೆ, ಪಾಳೆಯಗಾರರ ಕಾಲದಲ್ಲಿ, ಮೊದಲ ಮಳೆಯ ಮೇಲೆ ಅದು ಊರೊಳಗೆ ಹಾರಿ ಬಂದ ನಂತರವೇ ಬಿತ್ತನೆ ನಡೆಯುತ್ತಿತ್ತಂತೆ. ಒಂದು ವರ್ಷ ಅದು ಬರಲಿಲ್ಲ. ಮರುವರ್ಷವೂ ಇಲ್ಲ. ಊರಿನ ಮದ್ದುಗಾತಿ ದುಂಡವ್ವನ ಮನೆಗೆ ಸೊಸೆ ಗುರುಮಲ್ಲಿ ಕಾಲಿಟ್ಟದ್ದು ಆ ಮೊದಲ ವರ್ಷವೇ. ಊರಬಾಯಿಗೆ ಇಷ್ಟು ಸಾಲದೆ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ನಂಟು ಕಟ್ಟುವುದರಲ್ಲಿ ಸೀಗೆಕಟ್ಟೆಯವರದು ಇಂದಿಗೂ ಎತ್ತಿದ ಕೈ. ಸೊಸೆಯ ಕಾಲ್ಗುಣ ಸರಿಯಿಲ್ಲ, ಸೋಮವಾರ ಕಟ್ಟೆಯಲ್ಲಿ ನ್ಯಾಯ ಸೇರಿಸಿ ಅವಳನ್ನು ತವರಿಗೆ ಅಟ್ಟುವುದು ಎಂದಾಯಿತು.

ದುಂಡವ್ವನಿಗೆ ಆ ಹುಡುಗಿಯ ಮೇಲೆ ಜೀವ. ಆದರೆ ಊರನ್ನು ಎದುರುಹಾಕಿಕೊಳ್ಳಲು ಅವಳ ಬಳಿ ಮಾತಿರಲಿಲ್ಲ. ಹಾವಿನ ವಿಷಕ್ಕೆ ಈಶ್ವರಿ ಬಳ್ಳಿಯ ಬೇರೇ ಮದ್ದೆಂದು ನಂಬಿದ್ದ ಕಾಲ ಅದು. ಆ ಬಳ್ಳಿಯ ಎಲೆ ಮೇಯುವ ಕೆಂಗಪ್ಪು ಮುಳ್ಳುಹುಳುಗಳನ್ನು ಅವಳು ಮೂರು ವರ್ಷದಿಂದ ಹುಡುಕಿ ಹುಡುಕಿ ಹೊಸಕಿ ಹಾಕುತ್ತಿದ್ದಳು. ಹದಿನೈದು ದಿನದ ಹಿಂದೆ ಅದೇ ಬಳ್ಳಿಯಲ್ಲಿ ಒಣಗಿದ ಎಲೆಯ ಹಾಗೆ ನೇತಾಡುವ ಗೂಡೊಂದು ಕಂಡಾಗ, ಇದ್ಯಾವ ಹೊಸ ಪೀಡೆಯೋ ಎಂದು ಕಡ್ಡಿ ಸಮೇತ ಮುರಿದು ತಂದು ಕುಕ್ಕೆಯಡಿ ಮುಚ್ಚಿಟ್ಟಿದ್ದಳು. ಸೋಮವಾರ ಬೆಳಗ್ಗೆ ಕುಕ್ಕೆ ಎತ್ತಿದರೆ, ಒಳಗೆ ಒದ್ದೆ ರೆಕ್ಕೆ ಬಿಡಿಸಿಕೊಳ್ಳುತ್ತ ಕುಳಿತಿತ್ತು ಗುಡ್ಡದಮ್ಮನ ಸೆರಗು! ಬರಿದಾದ ಗೂಡಿನ ಬುಡಕ್ಕೆ ಅದೇ ಕೆಂಗಪ್ಪು ಮುಳ್ಳುಹುಳುವಿನ ಪೊರೆ ಅಂಟಿತ್ತು. ದುಂಡವ್ವ ತನ್ನ ಬೆರಳುಗಳನ್ನೇ ನೋಡಿಕೊಂಡು ಅತ್ತಳು. ಸುಮ್ಮನಿದ್ದರೆ ಮದ್ದುಗಾತಿಯ ಮರ್ಯಾದೆ ಉಳಿಯುತ್ತಿತ್ತು, ಸೊಸೆ ಹೋಗುತ್ತಿದ್ದಳು. ಅವಳು ಕಣ್ಣೊರೆಸಿಕೊಂಡು ಕಡ್ಡಿ ಸಮೇತ ಅದನ್ನು ಕುಕ್ಕೆಯೊಳಗಿಟ್ಟು ಮುಚ್ಚಿ ಕಟ್ಟೆಗೆ ನಡೆದಳು.

ಯಜಮಾನ ಮುದ್ದೇಗೌಡನ ಎದುರಿಗೇ ಕುಕ್ಕೆ ತೆರೆದಳು. “ಬಳ್ಳಿ ತಿನ್ನೋ ಹುಳಾನೇ ಈ ತಾಯಿ ಕನಪ್ಪಾ. ಕೊಂದೋಳು ನಾನು. ನನ್ ಸೊಸೆ, ಈ ಮಗ, ಏನ್ ಮಾಡ್ತು? ಊರ್ ಬುಡ್ಸೋದಾದ್ರ ನನ್ನ ಬುಡ್ಸಿ.”

ಮುದ್ದೇಗೌಡ ತಲೆ ಕೆರೆದುಕೊಂಡ. “ಹುಳ ಬುಟ್ರ ಮದ್ದಿಗ ಏನ್ ಮಾಡೀಯವ್ವಾ?”

“ಅದು ತಿಂದು ಉಳ್ದದ್ದು ನಮ್ಗ.”

ಯಾರೂ ಯಾರನ್ನೂ ಅಟ್ಟಲಿಲ್ಲ. ದುಂಡವ್ವ ಮಾತ್ರ ತಾನಾಗಿಯೇ ಗುಡ್ಡ ಹತ್ತಿ, ಬಳ್ಳಿಗಳ ನಡುವೆ ಗುಡಿಸಲು ಹಾಕಿಕೊಂಡು, ಹುಳು ಮುಟ್ಟಲು ಬಂದವರನ್ನು ಕೋಲು ಹಿಡಿದು ಓಡಿಸಿದಳು. ದಿನವೂ ಬುತ್ತಿ ಹೊತ್ತು ಹತ್ತಿದವಳು ಗುರುಮಲ್ಲಿ. ಅಲ್ಲಿಂದ ನಾಲ್ಕನೆಯ ವರ್ಷದ ಮಳೆಗೆ ಚಿಟ್ಟೆಗಳು ಊರಿಗಿಳಿದಾಗ ದುಂಡವ್ವ ನೋಡಲು ಇರಲಿಲ್ಲ, ಕೋಲು ಸೊಸೆಯ ಕೈಗೆ ಬಂದಿತ್ತು ಎನ್ನುತ್ತಾರೆ.

ಇಂದಿಗೂ ಆ ಗುಡ್ಡದಲ್ಲಿ ತೂತಿಲ್ಲದ ಈಶ್ವರಿ ಎಲೆ ಹುಡುಕಿದರೂ ಸಿಗದು. ಮದುವೆಯಾದ ವಾರದಲ್ಲಿ ಸೀಗೆಕಟ್ಟೆಯ ಅತ್ತೆಯರು ಹೊಸ ಸೊಸೆಯನ್ನು ಇಲ್ಲಿಗೆ ಕರೆತರುತ್ತಾರೆ. ಎಲೆ ಮಗುಚಿ ಹುಳು ತೋರಿಸಿ, ಹತ್ತು ಜನ ಕೇಳುವ ಹಾಗೆ ಹೇಳುತ್ತಾರೆ: “ಊರಲ್ಲಿ ಏನ್ ಕೆಟ್ರೂ ನಿನ್ ಕಾಲ್ಗುಣ ಅನ್ನಕಿಲ್ಲ ಕನವ್ವ. ಮೊದ್ಲು ನನ್ ಕೈ ನೋಡ್ಕತೀನಿ.”