ನೇಕಾರನ ಮನೆಯ ಮುಂಜಾನೆ

"ಅಜ್ಜಾರೇ, ಮಕ್ಕಳನ್ನು ಶಾಲೆಗೆ ಕಳಿಸುವಷ್ಟರಲ್ಲಿ ನನ್ನ ಮನೆ ಸಂತೆಯಾಗುತ್ತದೆ. ಮಗ ಅಂಗಿ ಸಿಗಲಿಲ್ಲವೆಂದು ಕೂಗುತ್ತಾನೆ, ಮಗಳದು ಇನ್ನೇನೋ ಗೋಳು. ಅವರ ಮೇಲೆ ನಾನು ಕೂಗುತ್ತೇನೆ. ಈ ಗದ್ದಲ ನಿಲ್ಲಿಸುವ ದಾರಿ ಯಾವುದು?" ಎಂದು ಶಿಷ್ಯ ವೀರಭದ್ರಪ್ಪ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಮನೆಯಲ್ಲೂ ಮುಂಜಾನೆ ಇದೇ ಪಾಡು. ಹೆಂಡತಿ ರೊಟ್ಟಿ ಬಡಿಯುತ್ತಲೇ ಬೈಯುವಳು, ಮಗ ಚೀಲ ಹುಡುಕುತ್ತ ಅಳುವನು. ಮಗಳು ಹೊನ್ನವ್ವನಂತೂ ಬಾಯಿಬಡಕಿ, ಹಲ್ಲುಜ್ಜುವಾಗಲೂ ಕತೆ ಹೇಳುವಳು. ನೇಕಾರ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತರೆ ಈ ಗದ್ದಲದಲ್ಲಿ ಮಗ್ಗದ ಸಪ್ಪಳವೇ ಅವನಿಗೆ ಕೇಳುತ್ತಿರಲಿಲ್ಲ. ನೇಯುವವನಿಗೆ ಆ ಸಪ್ಪಳ ಬೇಕು. ಎಳೆ ಹರಿದದ್ದು ಅವನ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಸಪ್ಪಳ ಒಂದೇ ಸಮ ಬರುತ್ತಿದ್ದರೆ ಅವನು ತಲೆಯೆತ್ತಿ ನೋಡುವುದಿಲ್ಲ.

ಒಂದು ದಿನ ಅವನಿಗೆ ಹೊಳೆಯಿತು. ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಹಿಂದಿನ ಸಂಜೆಯೇ ಸುತ್ತಿ ಕೈಗೆಟುಕುವಲ್ಲಿ ಇಟ್ಟುಕೊಳ್ಳುತ್ತೇನೆ, ಮನೆಯನ್ನೂ ಹಾಗೇ ಮಾಡಿದರಾಯಿತು. ಗೋಡೆಗೆ ಗೂಟ ಬಡಿದ. ಒಬ್ಬೊಬ್ಬರಿಗೆ ಒಂದೊಂದು ಗೂಟ, ಅದಕ್ಕೇ ಅಂಗಿ, ಅದಕ್ಕೇ ಚೀಲ. ಜಡೆಯನ್ನು ಸಂಜೆಯೇ ಹಾಕಿಬಿಡುವುದು. ಕೊನೆಗೊಂದು ಕಟ್ಟಳೆ: ಮುಂಜಾನೆ ಮಾತಿಲ್ಲ, ಹೇಳುವುದೇನಿದ್ದರೂ ಸಂಜೆ.

ಮೊದಮೊದಲು ಮಕ್ಕಳು ಮುಖ ಊದಿಸಿಕೊಂಡರು. ಆಮೇಲೆ ರೂಢಿಯಾಯಿತು. ಏಳುವರು, ಉಡುವರು, ಗೂಟದ ಚೀಲ ತೆಗೆದುಕೊಂಡು ಹೊರಡುವರು. ಪಕ್ಕದ ಮನೆಯವಳು ಇಣುಕಿ ನೋಡಿ, ಮಕ್ಕಳು ಇದ್ದಾವೋ ಇಲ್ಲ ಮಾರಿಬಿಟ್ಟಿರೋ ಎಂದು ಚೇಷ್ಟೆ ಮಾಡಿದಳು. ನೇಕಾರ ಹಿಗ್ಗಿದ. ಓಣಿಯವರೆಲ್ಲ ಅವನ ಮನೆಯನ್ನು ತೋರಿಸಿ ತಮ್ಮ ಮಕ್ಕಳನ್ನು ಬೈಯತೊಡಗಿದರು.

ಒಂದು ಮುಂಜಾನೆ ಹೊನ್ನವ್ವ ಮಗ್ಗದ ಬಳಿ ಬಂದು ನಿಂತಳು. ಕಿವಿಯ ಮೇಲೆ ಕೈಯಿತ್ತು. ಏನೋ ಹೇಳಲು ಬಾಯಿ ತೆರೆದಳು. ನೇಕಾರ ಲಾಳಿ ನಿಲ್ಲಿಸದೆ, ಗದ್ದದಿಂದಲೇ ಬಾಗಿಲು ತೋರಿಸಿದ. ಅವಳು ಹೋದಳು. ಸಂಜೆ ಅವನು ಏನೆಂದು ಕೇಳಲಿಲ್ಲ. ಅವಳು ಉಂಡು ಮಲಗಿಬಿಟ್ಟಳು.

ಬರಬರುತ್ತ ಹುಡುಗಿ ಸಂಜೆಯೂ ಮಾತು ಕಡಿಮೆ ಮಾಡಿದಳು. ಬಾಯಿಬಡಕಿ ಎಷ್ಟು ತಿದ್ದಿಕೊಂಡಳು ನೋಡು ಎಂದು ಗಂಡ ಹೆಂಡತಿ ಮೆಚ್ಚಿಕೊಂಡರು. ಶಾಲೆಯಲ್ಲಿ ಮಾಸ್ತರರು ಅವಳನ್ನು ಮಂಕು ಎಂದು ಹಿಂದಿನ ಸಾಲಿಗೆ ಕಳಿಸಿದ್ದು ಅವರಿಗೆ ತಿಳಿಯಲಿಲ್ಲ.

ಒಂದು ರಜೆಯ ದಿನ ಅವಳು ಅಪ್ಪನಿಗೆ ಬೆನ್ನು ಮಾಡಿ ಗೂಟಕ್ಕೆ ಚೀಲ ಹಾಕುತ್ತಿದ್ದಳು. ಒಂದು ಕಂಡಿಕೆ ಕೊಡು ಎಂದು ನೇಕಾರ ಕರೆದ. ಅವಳು ತಿರುಗಲಿಲ್ಲ. ಮಗ್ಗ ನಿಲ್ಲಿಸಿ ಕರೆದ. ತಿರುಗಲಿಲ್ಲ. ಎಷ್ಟು ಸೊಕ್ಕು ಎಂದುಕೊಂಡು ಕುಣಿಯಿಂದೆದ್ದು ಹೋಗಿ ಭುಜ ಹಿಡಿದ. ಹುಡುಗಿ ಬೆಚ್ಚಿಬಿದ್ದಳು. ಅಪ್ಪನ ತುಟಿ ಅಲುಗುವುದನ್ನು ನೋಡಿ, ಬೇಕಾದದ್ದಕ್ಕಿಂತ ದೊಡ್ಡ ದನಿಯಲ್ಲಿ ಹೇಳಿದಳು: "ಬೈಬ್ಯಾಡಪ್ಪಾ, ಎಲ್ಲಾ ಅದರದರ ಜಾಗಾದಾಗ ಇಟ್ಟೀನಿ."

ಪಟ್ಟಣದ ವೈದ್ಯರು ನೋಡಿದರು. ಒಳಗೆ ಕೀವಾಗಿ ಎರಡೂ ಕಿವಿ ಹಾಳಾಗಿವೆ, ಶುರುವಿನಲ್ಲೇ ತಂದಿದ್ದರೆ ಉಳಿಸಬಹುದಿತ್ತು ಎಂದರು. ಯಾವಾಗಿನಿಂದ ಕೇಳಿಸುತ್ತಿಲ್ಲ ಎಂದು ವಿಚಾರಿಸಿದರು. ಗಂಡ ಹೆಂಡತಿ ಇಬ್ಬರಿಗೂ ಅದು ಗೊತ್ತಿರಲಿಲ್ಲ.

ಊರಿಗೆ ಬಂದು ನೇಕಾರ ಗೂಟಗಳನ್ನೆಲ್ಲ ಕಿತ್ತುಹಾಕಿದ. ಅಂದಿನಿಂದ ಮುಂಜಾನೆ ಮಗ್ಗಕ್ಕೆ ಇಳಿಯದೆ ಮಗಳ ಎದುರು ಕುಕ್ಕರಗಾಲಲ್ಲಿ ಕೂತು ಅದೂ ಇದೂ ಮಾತಾಡಿಸುತ್ತಿದ್ದ. ಅವಳು ಅವನ ಬಾಯಿಯನ್ನೇ ನೋಡುವಳು. ತಲೆಯಾಡಿಸಿ, ಚೀಲ ಹೆಗಲಿಗೆ ಹಾಕಿಕೊಂಡು ಸದ್ದಿಲ್ಲದೆ ಹೊರಟುಬಿಡುವಳು.

ಗುರುಗಳು ಕತೆ ನಿಲ್ಲಿಸಿದರು. ವೀರಭದ್ರಪ್ಪ, "ಹಾಗಾದರೆ ಅಜ್ಜಾರೇ, ಮನೆಯನ್ನು ಒಪ್ಪವಾಗಿ ಇಡುವುದೇ ತಪ್ಪೇ?" ಎಂದ.

"ಒಪ್ಪವಾಗಿಯೇ ಇಡು, ತಮ್ಮಾ; ಇವತ್ತು ಮುಂಜಾನೆ ನಿನ್ನ ಮಗಳು ಏನೆಂದು ಕೂಗಿದಳು?"