ಪಂಖಕ್ಕೆ ಮಣಿಯದ ಆಳಮಾಪಕ

ಅಳಿವೆಯಲ್ಲಿ ಮೀನು ಹಿಡಿಯುವ ವಾಮನ ಖಾರ್ವಿ ತನ್ನ ಸಣ್ಣ ದೋಣಿಗೆಂದು ನೀರಿನ ಆಳವನ್ನು ಅಂಕಿಯಲ್ಲಿ ತೋರಿಸುವ ಆಳಮಾಪಕವೊಂದನ್ನು ಆರಿಸಿ ತಂದು, ನೀರಡಿ ತಿರುಗಿ ದೋಣಿಯನ್ನು ತಳ್ಳುವ ಇಂಜಿನ್ನಿನ ಪಂಖದ ಪಕ್ಕದಲ್ಲೇ ಬಿಗಿದ. ದೋಣಿ ಹೊರಟಿತು.

ಪಂಖ ಗತ್ತಿನಿಂದ ಹೇಳಿತು: "ಈ ದೋಣಿ ನಡೆಯುವುದೇ ನನ್ನಿಂದ. ಎಲ್ಲೆಲ್ಲೂ ಆಳವಿದೆ ಎಂದು ತೋರಿಸುತ್ತಿರು."

"ನೀನೆಬ್ಬಿಸುವ ನೊರೆಯಲ್ಲಿ ನನಗೆ ತಳವೇ ಕಾಣುತ್ತಿಲ್ಲ. ಕಾಣದ್ದನ್ನು ತೋರಿಸಲಾರೆ," ಎಂದಿತು ಆಳಮಾಪಕ.

"ಹಾಗಾದರೆ ನಿನ್ನನ್ನು ಕಿತ್ತೆಸೆಯುತ್ತಾರೆ."

"ಎಸೆಯಲಿ. ಸುಳ್ಳು ಅಂಕಿ ಮಾತ್ರ ನನ್ನಿಂದ ಹೊರಡದು."

ಅದು ಪಟ್ಟು ಹಿಡಿದು, ಅಂಕಿ ತೋರಿಸದೆ ಖಾಲಿಯಾಗಿಯೇ ಉಳಿಯಿತು. ಆಳ ತಿಳಿಯದೆ ಮುಂದೆ ಹೋಗಲಾರದೆ ವಾಮನ ಗೊಣಗುತ್ತ ಇಂಜಿನ್ ನಿಲ್ಲಿಸಿದ. ನೊರೆ ಅಡಗಿದೊಡನೆ ಅಂಕಿ ಮೂಡಿತು. ದೋಣಿಯಡಿ ಮೊಳದಷ್ಟೇ ನೀರಿತ್ತು, ಮುಂದೆಯೇ ಬಂಡೆಯಿತ್ತು.

ವಾಮನ ಹುಟ್ಟು ಹಾಕಿ ದಡ ಸೇರಿ, ಆಳಮಾಪಕವನ್ನು ನೊರೆ ತಾಕದ ಕಡೆಗೆ ಕೂರಿಸಿದ. ಅಂದಿನಿಂದ ಅದು ನಿಲ್ಲೆಂದಲ್ಲಿ ಪಂಖ ನಿಲ್ಲಬೇಕಾಯಿತು.