ಮೂರು ಕಲ್ಲಿನ ಒಲೆ

ಕೇಳಿ ಮಕ್ಕಳೇ, ಶಿವನು ಎಲ್ಲರಿಗೂ ಆಕಾಶವೆಂಬ ಒಂದೇ ಸೂರು ಹಾಕಿದ. ಅದರ ಕೆಳಗೆ ಗೋಡೆ ಎಬ್ಬಿಸಿದವರು ನಾವು.

ಹೊಳೆದಂಡೆಯ ಒಂದು ರಾಜ್ಯದಲ್ಲಿ ಇಂದುಧರನೆಂಬ ದೊರೆಯಿದ್ದ. ಆಚೆ ದಡದ ಎರಡು ಊರಿನವರು ದಿಕ್ಕೆಟ್ಟು ಅವನಲ್ಲಿಗೆ ಬಂದರು. ಒಂದು ಊರನ್ನು ಶತ್ರುಗಳು ಸುಟ್ಟಿದ್ದರು. ಇನ್ನೊಂದನ್ನು ನೆರೆ ನುಂಗಿತ್ತು.

ಮಂತ್ರಿ ಭದ್ರಯ್ಯ ಕಟ್ಟಳೆ ಮಾಡಿದ. ಬೆಂಕಿಗೆ ಮನೆ ಕಳೆದುಕೊಂಡವರಿಗೆ ಗುಡಿಸಲು, ಮೂರು ಒಲೆಗಲ್ಲು. ನೀರಿಗೆ ಕಳೆದುಕೊಂಡವರಿಗೆ ಛತ್ರದ ಗಂಜಿ, ಅಷ್ಟೇ. ಆ ನಾಡಿನಲ್ಲಿ ಸ್ವಂತ ಒಲೆ ಇದ್ದವರಷ್ಟೇ ತಮ್ಮವರನ್ನು ಹೊಳೆ ದಾಟಿಸಿ ಕರೆಸಿಕೊಳ್ಳಬಹುದಿತ್ತು. ಮರಳಿ ಹೋದವರಿಗೆ ಮತ್ತೆ ದೋಣಿಯಿಲ್ಲ.

ನೆರೆ ನುಂಗಿದ ಊರಿನ ಹೊನ್ನವ್ವ ಜ್ವರದ ಮೊಲೆಗೂಸನ್ನು ಆಚೆ ದಡದಲ್ಲೇ ಉಳಿದ ತಾಯಿಯ ಮಡಿಲಿಗೆ ಹಾಕಿ, "ನೆಲೆ ಸಿಕ್ಕ ಕೂಡಲೇ ಕರೆಸ್ಕೊಳ್ತೀನವ್ವಾ" ಎಂದು ಬಂದಿದ್ದಳು.

ಯುಗಾದಿಗೆ ಮಂತ್ರಿಗೆ ಕೈಮುಗಿದಳು. "ಬುದ್ಧೀ, ಮೂರು ಕಲ್ಲು ಕೊಡಿ."

"ಬೆಂಕಿ ಇಟ್ಟವರು ಶತ್ರುಗಳು. ನೆರೆ ಕಳಿಸಿದವನು ದೇವರು. ಅವನನ್ನೇ ಕೇಳು, ಹೋಗು."

ಮರುವರ್ಷ ಹೋದಳು. "ಗಂಜಿ ತೆಳ್ಳಗಾಯಿತೇನೇ?" ಎಂದು ನಕ್ಕ.

ಮೂರನೆಯ ವರ್ಷ ಹೋದಳು. ಮಂತ್ರಿ ತಲೆಯನ್ನೂ ಎತ್ತಲಿಲ್ಲ.

ಸುಟ್ಟ ಊರಿನ ಮುದುಕಿ ಗುರುಬಸವ್ವ ಅವಳ ಕಣ್ಣೊರೆಸಿದಳು. "ಯಾಕವ್ವಾ?"

"ನನ್ನ ಮಗಳು ಈಗ ಮಾತಾಡ್ತಿರಬೇಕು ಅತ್ತೀ. ಅವಳ ದನಿ ಹೆಂಗಿದೆಯೋ, ಏನೋ."

ಗುರುಬಸವ್ವ ಎದ್ದಳು. ತನ್ನ ಒಲೆಗೆ ನೀರು ಚಿಮುಕಿಸಿ ಒಂದು ಕಲ್ಲು ಕಿತ್ತಳು. ಅದನ್ನು ಕಂಡು ಪಕ್ಕದ ಮನೆಯವಳೂ ಕಿತ್ತಳು. ಹಾಗೆಯೇ ಇಡೀ ಕೇರಿ. ಎರಡು ಕಲ್ಲಿನ ಮೇಲೆ ಮಡಕೆ ನಿಲ್ಲುತ್ತದೆಯೇ? ಕೇರಿಯಲ್ಲಿ ಹೊಗೆಯೇ ಏಳಲಿಲ್ಲ.

ಒಂದು ಕೇರಿಯ ಹೊಗೆ ಕಾಣದಿದ್ದರೂ ದೊರೆ ಉಣ್ಣುವಂತಿರಲಿಲ್ಲ. ಅದು ಅವನ ಹಿರಿಯರ ವ್ರತ. ಹಸಿದ ದೊರೆ ತಾನೇ ಇಳಿದು ಬಂದ. ಅರಮನೆಯ ಅಂಗಳದಲ್ಲಿ ಕೇರಿಯವರು ತಂದು ಸುರಿದ ಕಲ್ಲಿನ ರಾಶಿ, ಮುಂದೆ ಗುರುಬಸವ್ವ.

"ಇದೇನಜ್ಜಿ?"

"ಏನಿಲ್ಲ ಸ್ವಾಮೀ. ಶತ್ರು ಅಟ್ಟಿದವರಿಗೆ ಒಲೆ, ದೇವರು ಕಳಿಸಿದವರಿಗೆ ತಿಳಿಗಂಜಿ ಅಂತಾರೆ ಮಂತ್ರಿಗಳು. ದೇವರಿಗಿಂತ ಶತ್ರುವಿನ ಮೇಲೇ ಇವರಿಗೆ ಭಕ್ತಿ ಜಾಸ್ತಿಯಾ, ಅಂತ ಕೇಳೋಕೆ ಬಂದ್ವಿ."

ದೊರೆ ಮಂತ್ರಿಯ ತಲೆಯ ಮೇಲೇ ಕಲ್ಲು ಹೊರಿಸಿ ಮನೆಮನೆಗೆ ಕಳಿಸಿದ, ನೀರಿಗೆ ಮನೆ ಕಳೆದುಕೊಂಡವರಿಗೂ ಗುಡಿಸಲು, ಒಲೆಗಲ್ಲು ಕೊಡಿಸಿದ. ಹೊನ್ನವ್ವನ ಒಲೆ ಹೊತ್ತಿತು. ದೋಣಿ ಹೊರಟಿತು.

ಅಜ್ಜಿಯ ಬೆರಳು ಹಿಡಿದು ಮಗಳು ಬಂದಳು. ಹೊನ್ನವ್ವ ಎರಡೂ ಕೈ ಚಾಚಿದಳು. ಮಗು ಅಜ್ಜಿಯ ಸೆರಗಿನ ಹಿಂದೆ ಸರಿದು ಕೇಳಿತು:

"ಅಜ್ಜೀ, ಇವರು ಯಾರು?"

ದಡದಲ್ಲಿದ್ದ ದೊರೆ ತಲೆ ತಗ್ಗಿಸಿದ. ಕಲ್ಲು ಅವನ ಕೈಯಲ್ಲಿತ್ತು, ಕೊಟ್ಟ. ಕಳೆದ ವರ್ಷಗಳು ಅವನ ಕೈಯಲ್ಲಿರಲಿಲ್ಲ.

ಬಾಗಿಲಿಗೆ ಬಂದವರ ದುಃಖ ನೋಡಿ ಮಕ್ಕಳೇ, ಅವರು ಬಂದ ದಾರಿಯನ್ನಲ್ಲ. ಕೊಡುವುದನ್ನು ಹೊತ್ತಿಗೆ ಕೊಡಿ. ಶಿವನು ನಮ್ಮ ಕಣ್ಣನ್ನು ಬೇಗ ತೆರೆಸಲಿ.